ಲಕ್ವಾ ಹೊಡೆದಾಗ ಆಂಟಿಆಕ್ಸಿಡೆಂಟ್ ಮಾತ್ರೆ ಮೆದುಳನ್ನು ಉಳಿಸುತ್ತಾ?

ಇಲ್ಲ. ಮೆಡಿಕಲ್ ಅಂಗಡಿಯ ವಿಟಮಿನ್ ಇ, ಸಿ ಮಾತ್ರೆಗಳಿಂದ ಆಗ ಪ್ರಯೋಜನವಿಲ್ಲ. ಆದರೂ ಉಳಿಸಬಹುದೇನೋ ಅನಿಸುವುದಕ್ಕೆ ಕಾರಣ ಇದೆ.

ಮೆದುಳಿನ ತೂಕ ದೇಹದ ಶೇ 2ರಷ್ಟು, ಬಳಸುವ ಆಮ್ಲಜನಕ ಮಾತ್ರ ಶೇ 20ರಷ್ಟು. ರಕ್ತ ಹೆಪ್ಪುಗಟ್ಟಿ ರಕ್ತನಾಳ ಕಟ್ಟಿಕೊಂಡರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಕೆಡುತ್ತದೆ. ಹೆಪ್ಪು ಕರಗಿ ರಕ್ತ ಮತ್ತೆ ಹರಿದಾಗ ಆಮ್ಲಜನಕ ಒಮ್ಮೆಲೇ ನುಗ್ಗುತ್ತದೆ. ಕೆಟ್ಟ ಮೈಟೋಕಾಂಡ್ರಿಯಾ ಅದನ್ನು ಸರಿಯಾಗಿ ಬಳಸಲಾರದೆ ಫ್ರೀ ರ‍್ಯಾಡಿಕಲ್ ಎಂಬ ಪುಂಡ ಕಣಗಳನ್ನು ಹುಟ್ಟಿಸುತ್ತದೆ. ಮೆದುಳಿನ ಕೋಶಗಳ ಪೊರೆಯಲ್ಲಿ ಬೇಗ ಕೆಡುವ ಕೊಬ್ಬು ಜಾಸ್ತಿ. ಹಳೇ ಶೇಂಗಾ ಎಣ್ಣೆ ಕಮಟು ಹಿಡಿಯುತ್ತದಲ್ವಾ, ಹೆಚ್ಚುಕಡಿಮೆ ಅದೇ ಕ್ರಿಯೆ ಇಲ್ಲೂ ನಡೆಯುತ್ತದೆ. ದೇಹದ ಸ್ವಂತ ಆಂಟಿಆಕ್ಸಿಡೆಂಟ್‌ಗಳು, ಅಂದರೆ ಈ ಪುಂಡ ಕಣಗಳನ್ನು ತಣಿಸುವ ವಸ್ತುಗಳು, ಈ ಹೊಡೆತಕ್ಕೆ ಸಾಲುವುದಿಲ್ಲ.

ಹಾಗಾದರೆ ಹೊರಗಿನಿಂದ ಕೊಡಬಹುದಲ್ವಾ? ಅದು ಸುಲಭವಲ್ಲ. ಹಾನಿ ನಿಮಿಷಗಳಲ್ಲೇ ಶುರುವಾಗುತ್ತದೆ, ಔಷಧ ಮೆದುಳಿನೊಳಗೆ ಸುಲಭವಾಗಿ ಹೋಗುವುದಿಲ್ಲ. ಈ ಕಣಗಳನ್ನು ಹಿಡಿಯುವ, ಇಲಿಗಳಲ್ಲಿ ಗೆದ್ದ ಎನ್‌ಎಕ್ಸ್‌ವೈ-059 ಎಂಬ ಔಷಧ, 3,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸೋತಿತು. ಇದೇ ಬಗೆಯ ಎಡರಾವೋನ್ ಇಂಜೆಕ್ಷನ್ ಜಪಾನಿನಲ್ಲಿ 2001ರಿಂದ ಬಳಕೆಯಲ್ಲಿದೆ, ಆದರೆ ಅದನ್ನು ಕೊಡುವುದು ಆಸ್ಪತ್ರೆಯಲ್ಲೇ.

ಹಾವೇರಿ, ಗದಗ ಕಡೆಯ ಹಳ್ಳಿಯವರು ಸುಮ್ನೆ ಮಾತ್ರೆ ಹುಡುಕುತ್ತಾ ಕೂರಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ವಾ ಹೊಡೆದ 4.5 ಗಂಟೆಯೊಳಗೆ ಬೀಳಬೇಕು, ಹುಬ್ಬಳ್ಳಿ ಮುಟ್ಟುವಷ್ಟರಲ್ಲೇ ಅದರಲ್ಲಿ ಒಂದಷ್ಟು ಹೋಗಿರುತ್ತದೆ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಿರಿ.