ಪಿಕ್ನಿಕ್‌ಗೆ ಖಂಡಿತ ಹೋಗಿ, ಆದರೆ ನಿಮ್ಮ ಪ್ರಿಸಿಂಕ್ಟ್ ನಂಬರ್ ತಿಳಿದುಕೊಂಡು ಹೋಗಿ

ಟೆಕ್ಸಾಸ್‌ನಲ್ಲಿದ್ದೀರಿ, ಈಚೆಗೆ ಸಿಟಿಜನ್ ಆಗಿದ್ದೀರಿ, ವಿಚಾರದಲ್ಲಿ ಕನ್ಸರ್ವೇಟಿವ್. ಕೌಂಟಿ, ಅಂದರೆ ಜಿಲ್ಲಾ ಮಟ್ಟದ, ರಿಪಬ್ಲಿಕನ್ ಪಕ್ಷದವರು ಪಿಕ್ನಿಕ್‌ಗೆ ಕರೆದಿದ್ದಾರೆ, ಅಲ್ಲಿ ಯಾರ ಪರಿಚಯವೂ ಇಲ್ಲ, ನಮ್ಮಂಥವರನ್ನು ಸೇರಿಸಿಕೊಳ್ತಾರಾ ಅಂತ ಕೇಳಿದ್ದೀರಿ. 2018ರಲ್ಲಿ ನಾನು ನನ್ನ ಹೆಂಡತಿಯ ಹತ್ತಿರ ಇದನ್ನೇ ಕೇಳುತ್ತಾ ಕೂತಿದ್ದೆ.

ಹಿಂದಿನ ವರ್ಷವಷ್ಟೇ ನನಗೆ ಪೌರತ್ವ ಸಿಕ್ಕಿತ್ತು. ರಾಜಕೀಯದ ಕಡೆ ನನ್ನನ್ನು ಎಳೆದದ್ದು ಮನೆ ತೆರಿಗೆ. ನಿಮಗೂ ಗೊತ್ತಿರುತ್ತದೆ, ಈ ರಾಜ್ಯದಲ್ಲಿ ಆದಾಯ ತೆರಿಗೆ ಇಲ್ಲ, ಹಾಗಾಗಿ ಶಾಲೆ, ಕೌಂಟಿ, ಊರು ಇವುಗಳ ಖರ್ಚಿನ ದೊಡ್ಡ ಪಾಲು ಮನೆ ಇದ್ದವರ ತಲೆ ಮೇಲೆ ಬೀಳುತ್ತದೆ. ತೆರಿಗೆಗಾಗಿ ಮನೆಯ ಬೆಲೆ ಕಟ್ಟಿ ಕಳಿಸುವ ಅಪ್ರೈಸಲ್ ನೋಟಿಸ್ ಬಂದಾಗಲೆಲ್ಲ ಒಂದು ವಾರ ನಿದ್ದೆ ಸರಿ ಇರುತ್ತಿರಲಿಲ್ಲ. ಸರ್ಕಾರ ಕೈ ಬಿಗಿ ಹಿಡಿದು ಖರ್ಚು ಮಾಡಬೇಕು, ಮಕ್ಕಳ ಶಾಲೆಯ ವಿಷಯದಲ್ಲಿ ಅಪ್ಪ ಅಮ್ಮನ ಮಾತು ನಡೆಯಬೇಕು, ದುಡಿದು ಬದುಕುವ ಕುಟುಂಬಕ್ಕೆ ಮರ್ಯಾದೆ ಇರಬೇಕು. ಆಗ ನಾನು ನಂಬಿದ್ದು ಇಷ್ಟು. ಈಗಲೂ ಅದನ್ನೇ ನಂಬುತ್ತೇನೆ.

ಪಿಕ್ನಿಕ್ ಇದ್ದದ್ದು ಸೆಪ್ಟೆಂಬರ್‌ನಲ್ಲಿ, ಒಂದು ಪಾರ್ಕಿನ ಶೆಡ್ ಕೆಳಗೆ. ಬಾಗಿಲಲ್ಲೇ ಒಂದು ಟೇಬಲ್ ಹಾಕಿಕೊಂಡು ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಹೆಸರು ಕೇಳಿದರು, ಬರೆದರು. ಆಮೇಲೆ "ಯಾವ ಪ್ರಿಸಿಂಕ್ಟ್?" ಅಂದರು. ನನಗೆ ಗೊತ್ತಿರಲಿಲ್ಲ. ಪ್ರಿಸಿಂಕ್ಟ್ ಅಂದರೆ ಕೌಂಟಿಯೊಳಗಿನ ಒಂದು ಸಣ್ಣ ಮತದಾನ ವಿಭಾಗ. ಬೀದಿ ಹೆಸರು ಹೇಳಿದೆ. ಅವರು ನಕ್ಷೆ ಬಿಡಿಸಿ, ಬೆರಳಿಟ್ಟು ಹುಡುಕಿ, ನನ್ನ ಎದೆಗೆ ಅಂಟಿಸುವ ಚೀಟಿಯ ಮೇಲೆ ಆ ನಂಬರನ್ನು ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಬರೆದರು. ಆಮೇಲೆ ನೋಡಿದರೆ ಅಲ್ಲಿ ಎಲ್ಲರೂ ಒಬ್ಬರ ಎದೆ ಮೇಲಿನ ನಂಬರನ್ನು ಇನ್ನೊಬ್ಬರು ಓದಿಯೇ ಮಾತು ಶುರು ಮಾಡುತ್ತಿದ್ದರು.

ಮೊದಲು ಪ್ರಾರ್ಥನೆ. ಅದು ಯೇಸುವಿನ ಹೆಸರಲ್ಲಿ ಮುಗಿಯುತ್ತದೆ, ಗೊತ್ತಿರಲಿ. ನಾನು ಕೈ ಕಟ್ಟಿ ತಲೆ ಬಾಗಿಸಿ ನಿಂತೆ, ಮನಸ್ಸಲ್ಲಿ ನಮ್ಮ ಮನೆದೇವರನ್ನು ನೆನೆದೆ. ಯಾರೂ ಏನೂ ಅನ್ನಲಿಲ್ಲ. ಆಮೇಲೆ ಅಮೆರಿಕದ ಬಾವುಟಕ್ಕೆ ಪ್ಲೆಡ್ಜ್, ಅಂದರೆ ನಿಷ್ಠೆಯ ಪ್ರತಿಜ್ಞೆ, ಅದು ಬರುತ್ತಿತ್ತು. ಅದಾದ ಮೇಲೆ ಟೆಕ್ಸಾಸ್ ಬಾವುಟಕ್ಕೆ ಇನ್ನೊಂದು ಪ್ಲೆಡ್ಜ್! ಅದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದವರು ನನ್ನ ಮುಖ ನೋಡಿ, ಮೆಲ್ಲಗೆ ಒಂದೊಂದೇ ಪದ ಹೇಳಿಕೊಟ್ಟರು. ತೀರ ಚಿಕ್ಕದು ಅದು, ಮನೆಯಲ್ಲೇ ಕಲಿತು ಹೋಗಿ.

ಸಸ್ಯಾಹಾರಿಗೆ ಏನು ಸಿಗುತ್ತದೆ ಅಂತ ಊಟದ ವಿಷಯ ಕೇಳಿದ್ದೀರಿ. ಬೀನ್ಸ್ ನೋಡಿದರೆ ಸಸ್ಯಾಹಾರ ಅನ್ನಿಸುತ್ತದೆ, ಆದರೆ ಅದರಲ್ಲಿ ಮಾಂಸದ ಚೂರು ಇರುವುದೇ ಜಾಸ್ತಿ. ಕೇಳಿ ಹಾಕಿಸಿಕೊಳ್ಳಿ. ಜೋಳ, ಆಲೂಗಡ್ಡೆ ಸಲಾಡ್, ಕಲ್ಲಂಗಡಿ ಸಾಮಾನ್ಯವಾಗಿ ಇರುತ್ತವೆ. ಇದನ್ನು ದೊಡ್ಡ ಸಮಸ್ಯೆ ಮಾಡಿಕೊಳ್ಳಬೇಡಿ.

ತಟ್ಟೆ ಹಿಡಿದು ಕೂತಾಗ ಒಬ್ಬರು ನನ್ನ ಚೀಟಿ ನೋಡಿ ನಿಂತುಬಿಟ್ಟರು. "ಆ ಪ್ರಿಸಿಂಕ್ಟ್‌ನಲ್ಲಿ ನಮಗೆ ಯಾರೂ ಇಲ್ಲ" ಅಂದರು. ಅಲ್ಲಿ ಪ್ರಿಸಿಂಕ್ಟ್ ಚೇರ್ ಸ್ಥಾನ ಖಾಲಿ ಇತ್ತು. ಊರಲ್ಲಿ ಪಕ್ಷದ ಬೂತ್ ಕಾರ್ಯಕರ್ತರು ಅಂತ ಇರುತ್ತಾರಲ್ಲ, ಹೆಚ್ಚು ಕಡಿಮೆ ಅದೇ ಕೆಲಸ: ಮನೆ ಮನೆಗೆ ಹೋಗೋದು, ಯಾರು ವೋಟ್ ಹಾಕ್ತಾರೆ, ಯಾರು ಹಾಕಲ್ಲ ಅಂತ ತಿಳಿಯೋದು, ಚುನಾವಣೆ ದಿನ ಜನ ಒದಗಿಸೋದು. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಈ ಪ್ರಿಸಿಂಕ್ಟ್ ಚೇರ್‌ಗಳೆಲ್ಲ ಸೇರಿಯೇ ಕೌಂಟಿ ಎಕ್ಸಿಕ್ಯೂಟಿವ್ ಕಮಿಟಿ. ಪಕ್ಷ ನಡೆಸುವವರು ಅವರೇ. ಖಾಲಿ ಸ್ಥಾನಕ್ಕೆ ಯಾರನ್ನು ತರಬೇಕು ಅಂತ ವೋಟ್ ಹಾಕಿ ತೀರ್ಮಾನಿಸುವವರೂ ಅವರೇ. ಮುಂದಿನ ಸಭೆಯಲ್ಲಿ ನಿಮ್ಮ ಹೆಸರು ಇಡಲಾ ಅಂತ ಅವರು ಕೇಳಿದರು. ನಾನು ಆಯ್ತು ಅಂದೆ.

ಈಗ ಕೇಳಿ, ಎಲ್ಲಿ ಎಡವಿದೆ ಅಂತ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಹೊಸದಾಗಿ ಸಿಟಿಜನ್ ಆದ ನಮ್ಮ ಜನ ಇದರಲ್ಲಿ ಬೀಳುವುದನ್ನು ಆಮೇಲೂ ನೋಡಿದ್ದೇನೆ.

ಅದೇ ವರ್ಷ ಮಾರ್ಚ್ 6ಕ್ಕೆ ಪ್ರೈಮರಿ ಇತ್ತು, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸುವ ಚುನಾವಣೆ. ಕನ್ನಡ ಸಂಘದ ಗೆಳೆಯರೊಬ್ಬರು ಕೌಂಟಿಯ ಒಂದು ಹುದ್ದೆಗೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನಿಂತಿದ್ದರು. ಒಳ್ಳೆಯ ಮನುಷ್ಯ. ಪಕ್ಷ ಬೇರೆ ಇರಬಹುದು, ನಮ್ಮವರು ನಿಂತಿದ್ದಾರೆ, ಒಂದು ವೋಟ್ ತಾನೇ ಅಂತ ಹೋದೆ. ಟೆಕ್ಸಾಸ್‌ನಲ್ಲಿ ವೋಟರ್ ನೋಂದಣಿ ಮಾಡಿಸುವಾಗ ಪಕ್ಷ ಕೇಳುವುದಿಲ್ಲ. ಹಾಗಾಗಿ ನಾನು ಯಾವ ಪಕ್ಷಕ್ಕೂ ಸೇರಿಲ್ಲ ಅಂತಲೇ ನನ್ನ ತಲೆಯಲ್ಲಿತ್ತು. ಮತಗಟ್ಟೆಯಲ್ಲಿ "ಯಾವ ಪ್ರೈಮರಿ?" ಅಂತ ಕೇಳಿದರು, ಹೇಳಿದೆ, ಹಾಕಿದೆ, ಬಂದೆ.

ಇಲ್ಲಿಯ ನಿಯಮ ಏನು ಗೊತ್ತಾ? ನೀವು ಯಾವ ಪ್ರೈಮರಿಯಲ್ಲಿ ವೋಟ್ ಹಾಕುತ್ತೀರೋ, ಆ ವರ್ಷಕ್ಕೆ ನೀವು ಆ ಪಕ್ಷದವರು. ಬೇರೆ ಅರ್ಜಿ, ಕಾರ್ಡ್ ಏನೂ ಬೇಡ. ಆ ಒಂದು ವೋಟೇ ನಿಮ್ಮ ಸದಸ್ಯತ್ವ. ಯಾರಿಗೆ ಹಾಕಿದಿರಿ ಅನ್ನುವುದು ಗುಟ್ಟು. ಯಾವ ಪಕ್ಷದ ಪ್ರೈಮರಿಯಲ್ಲಿ ಹಾಕಿದಿರಿ ಅನ್ನುವುದು ಗುಟ್ಟಲ್ಲ, ಅದು ಸಾರ್ವಜನಿಕ ದಾಖಲೆ. ಯಾರು ಬೇಕಾದರೂ ನೋಡಬಹುದು, ನೋಡುತ್ತಾರೆ ಕೂಡ.

ಇದರ ಮೊದಲ ಬಿಸಿ ಮೇ 22ರ ರನ್‌ಆಫ್‌ನಲ್ಲೇ, ಅಂದರೆ ಪ್ರೈಮರಿಯ ಎರಡನೇ ಸುತ್ತಿನಲ್ಲೇ, ತಟ್ಟಿತ್ತು. ರಿಪಬ್ಲಿಕನ್ ರನ್‌ಆಫ್‌ನಲ್ಲಿ ನನಗೆ ಇಷ್ಟವಾದ ಒಬ್ಬರು ಇದ್ದರು. ಹೋದೆ. ಮಾರ್ಚ್‌ನಲ್ಲಿ ಆ ಕಡೆ ಹಾಕಿದ್ದೀರಿ, ಈಗಲೂ ಆ ಕಡೆಯದಕ್ಕೇ ಹಾಕಬಹುದು, ಇದಕ್ಕೆ ಆಗಲ್ಲ ಅಂದರು. ಬೇಜಾರಾಯಿತು. ಆದರೆ ಇದು ರನ್‌ಆಫ್‌ಗೆ ಮಾತ್ರ ಇರುವ ನಿಯಮ, ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಅದು ಡಿಸೆಂಬರ್ 31ರವರೆಗೆ ಅಂಟಿಕೊಂಡೇ ಇರುತ್ತದೆ. ಪ್ರಿಸಿಂಕ್ಟ್ ಚೇರ್ ಖಾಲಿ ಸ್ಥಾನಕ್ಕೆ ನೇಮಕ ಆಗಬೇಕಾದರೆ ಆ ಪಕ್ಷದ ಜೊತೆ ಗುರುತಿಸಿಕೊಂಡಿರಲೇಬೇಕು. ಒಂದು ಪಕ್ಷದ ಲೆಕ್ಕದಲ್ಲಿ ಇದ್ದವರು ಅದೇ ವರ್ಷ ಇನ್ನೊಂದಕ್ಕೆ ಬರುವ ಹಾಗಿಲ್ಲ. ಆ ಮಾರ್ಚ್‌ನಲ್ಲಿ ಸುಮ್ನೆ ಮನೆಯಲ್ಲೇ ಇದ್ದಿದ್ದರೂ ಪರವಾಗಿರಲಿಲ್ಲ, ನಾನು ಈ ಪಕ್ಷದವನು ಅನ್ನುವ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಿ ಆ ವರ್ಷವೇ ಸೇರಿಕೊಳ್ಳಬಹುದಿತ್ತು. ವೋಟ್ ಹಾಕದೇ ಇದ್ದವನಿಗೆ ದಾರಿ ಇತ್ತು, ಬೇರೆ ಕಡೆ ಹಾಕಿದವನಿಗೆ ಇರಲಿಲ್ಲ.

ಸಭೆಗೆ ಮುಂಚೆ ಯಾರೋ ನನ್ನ ದಾಖಲೆ ತೆಗೆದು ನೋಡಿದರು. ನಿಯಮದ ಪ್ರಕಾರ ಆಗಲ್ಲ ಅಂತ ಫೋನ್ ಬಂತು. ಅದಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆದರೆ ಆ ವರ್ಷ ವಾತಾವರಣ ಬಿಸಿ ಇತ್ತು. ಸೆನೆಟ್‌ಗೆ ರಿಪಬ್ಲಿಕನ್ ಟೆಡ್ ಕ್ರೂಜ್ ಮತ್ತು ಡೆಮಾಕ್ರಟ್ ಬೀಟೋ ಓರೂರ್ಕ್ ಸ್ಪರ್ಧೆ, ಕೊನೆಗೆ ಕ್ರೂಜ್ ಗೆದ್ದದ್ದು ಶೇಕಡಾ 3ಕ್ಕಿಂತ ಕಡಿಮೆ ಅಂತರದಲ್ಲಿ. ಯಾರನ್ನು ನೋಡಿದರೂ ಅನುಮಾನ. ಇವನನ್ನು ಆ ಕಡೆಯವರೇ ಕಳಿಸಿರಬೇಕು ಅಂತ ಒಬ್ಬರು ಅಂದದ್ದು ನನ್ನ ಕಿವಿಗೂ ಬಿತ್ತು. ಸ್ಥಾನ ಬೇರೆಯವರಿಗೆ ಹೋಯಿತು. ನನಗೆ ಅದು ಸಿಕ್ಕಿದ್ದು 2022ರಲ್ಲಿ. ನಮ್ಮ ಪ್ರಿಸಿಂಕ್ಟ್‌ನಲ್ಲಿ ಕನ್ನಡ, ತೆಲುಗು, ಗುಜರಾತಿ ಮನೆಗಳು ಸಾಲು ಸಾಲಾಗಿವೆ. ಅಷ್ಟು ವರ್ಷ ಆ ಮನೆಗಳ ಬಾಗಿಲು ತಟ್ಟಲು ನಮ್ಮ ಪಕ್ಷದಿಂದ ಯಾರೂ ಹೋಗಲಿಲ್ಲ. ನನಗೆ ಇವತ್ತಿಗೂ ನೋವಾಗುವುದು ಅದು.

ಹಾಗಾಗಿ ಪಿಕ್ನಿಕ್‌ಗೆ ಮುಂಚೆ ಮಾಡಬೇಕಾದ ಕೆಲಸ ಬಟ್ಟೆ ಆರಿಸುವುದಲ್ಲ. ಈ ವರ್ಷ ಯಾವುದಾದರೂ ಪ್ರೈಮರಿಯಲ್ಲಿ ವೋಟ್ ಹಾಕಿದ್ದೀರಾ, ಹಾಕಿದ್ದರೆ ಯಾವುದರಲ್ಲಿ ಅಂತ ನೆನಪಿಸಿಕೊಳ್ಳಿ. ಬೇರೆ ಕಡೆ ಹಾಕಿದ್ದರೆ ನೀವಾಗಿಯೇ ಮೊದಲು ಹೇಳಿಬಿಡಿ. ನೀವು ಹೇಳಿದರೆ ಅದು ಒಂದು ಸಂಗತಿ, ಅವರು ಹುಡುಕಿ ತೆಗೆದರೆ ಅದೇ ಆರೋಪ. ವೋಟರ್ ಕಾರ್ಡ್ ಮೇಲೆ ಪ್ರಿಸಿಂಕ್ಟ್ ನಂಬರ್ ಇರುತ್ತದೆ, ನೋಡಿಕೊಂಡು ಹೋಗಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಸೇರಿಸಿಕೊಳ್ತಾರಾ ಅಂತ. ಈ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ನಾವು ಊರಿನ ಲೆಕ್ಕದಲ್ಲಿ ಯೋಚಿಸುತ್ತೇವೆ: ಹೈಕಮಾಂಡ್ ಒಪ್ಪಬೇಕು, ಟಿಕೆಟ್ ಕೊಡಬೇಕು, ಬಿ ಫಾರಂ ಕೈಗೆ ಬರಬೇಕು. ಇಲ್ಲಿ ಬಿ ಫಾರಂ ಅನ್ನುವುದೇ ಇಲ್ಲ. ರಾಜ್ಯ ಶಾಸಕಾಂಗದ ಕೆಳಮನೆಗೆ ಪ್ರೈಮರಿಯಲ್ಲಿ ನಿಲ್ಲಲು 750 ಡಾಲರ್ ಅಥವಾ 500 ಸಹಿ. ಪ್ರಿಸಿಂಕ್ಟ್ ಚೇರ್‌ಗೆ ಅದೂ ಇಲ್ಲ, ಒಂದು ಅರ್ಜಿ ಸಾಕು. ನಿಮ್ಮನ್ನು ಒಪ್ಪಬೇಕಾದವರು ನಿಮ್ಮ ಬೀದಿಯವರು. ಅದೂ ಎಷ್ಟು ಕಡಿಮೆ ಜನ ಬರುತ್ತಾರೆ ನೋಡಿ. 2022ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನಲ್ಲಿ ನೋಂದಾಯಿಸಿದ ಮತದಾರರು ಸುಮಾರು 1.7 ಕೋಟಿ. ರಿಪಬ್ಲಿಕನ್ ಪ್ರೈಮರಿಯಲ್ಲಿ ವೋಟ್ ಹಾಕಿದವರು 20 ಲಕ್ಷವೂ ಇಲ್ಲ. ಎಷ್ಟೋ ಕ್ಷೇತ್ರಗಳಲ್ಲಿ ನವೆಂಬರ್‌ಗಿಂತ ಮಾರ್ಚ್‌ನಲ್ಲೇ ಎಲ್ಲ ತೀರ್ಮಾನ ಆಗಿಬಿಡುತ್ತದೆ. ಒಂದು ಬೀದಿಯ ಹತ್ತು ಮನೆ ಎದ್ದು ಬಂದರೂ ಲೆಕ್ಕಕ್ಕೆ ಬರುತ್ತದೆ.

ಎಲ್ಲರೂ ಅಪ್ಪಿಕೊಳ್ಳುತ್ತಾರೆ ಅಂತ ಸುಳ್ಳು ಹೇಳಲ್ಲ. ಎಚ್-1ಬಿ ಬಗ್ಗೆ ಕಡು ಮಾತು ಕಿವಿಗೆ ಬೀಳಬಹುದು. ನನಗೂ ಒಬ್ಬರಿಂದ ಬಿತ್ತು. ನಾನು ಆ ವೀಸಾದಲ್ಲೇ ಬಂದವನು, ಇಷ್ಟು ವರ್ಷ ತೆರಿಗೆ ಕಟ್ಟಿದ್ದೇನೆ, ಇಲ್ಲೇ ಮಕ್ಕಳನ್ನು ಬೆಳೆಸುತ್ತಿದ್ದೇನೆ ಅಂತ ನೇರವಾಗಿ ಹೇಳಿದೆ. ಅವರು ತಮ್ಮ ಮಗನ ಕೆಲಸ ಹೋದ ಕಥೆ ಹೇಳಿದರು. ಆ ವಿಷಯದಲ್ಲಿ ನಾವಿಬ್ಬರೂ ಇವತ್ತೂ ಒಪ್ಪಲ್ಲ. ಆದರೆ ಚುನಾವಣೆ ಬಂದರೆ ಒಟ್ಟಿಗೇ ಬ್ಲಾಕ್ ವಾಕಿಂಗ್, ಅಂದರೆ ಮನೆ ಮನೆ ಪ್ರಚಾರಕ್ಕೆ, ಹೋಗುತ್ತೇವೆ.

ಭಾರತೀಯ ಮೂಲದ ರಿಪಬ್ಲಿಕನ್ ನಾಯಕರಾದ ನಿಕ್ಕಿ ಹೇಲಿ, ವಿವೇಕ್ ರಾಮಸ್ವಾಮಿ ಹೆಸರಿನಿಂದ ಮಾತು ಶುರು ಮಾಡಬೇಡಿ. ಅವರ ಹೆಸರಲ್ಲಿ ನೀವು ಪರಿಚಯ ಮಾಡಿಕೊಂಡರೆ ನೀವು ಯಾರು ಅನ್ನುವುದೇ ಗೊತ್ತಾಗಲ್ಲ. ವಾಷಿಂಗ್ಟನ್ ಸುದ್ದಿಯನ್ನೂ ಬಿಡಿ, ಅದರ ಬಗ್ಗೆ ಅಲ್ಲಿ ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ. ನಿಮ್ಮ ಬೀದಿಯ ವಿಷಯ ಹೇಳಿ, ಅದು ಗೊತ್ತಿರುವವರು ನೀವೊಬ್ಬರೇ. 2023ರಲ್ಲಿ ಶಾಲಾ ತೆರಿಗೆಯ ಹೋಮ್‌ಸ್ಟೆಡ್ ವಿನಾಯಿತಿ, ಅಂದರೆ ಸ್ವಂತ ವಾಸದ ಮನೆಯ ಬೆಲೆಯಲ್ಲಿ ತೆರಿಗೆ ಬೀಳದ ಭಾಗ, 40,000ದಿಂದ 1,00,000 ಡಾಲರ್‌ಗೆ ಏರಿತಲ್ಲ, ನಮ್ಮ ಜನರಲ್ಲಿ ಎಷ್ಟೋ ಮಂದಿ ಮನೆ ಕೊಂಡು ಆ ಅರ್ಜಿಯನ್ನೇ ಹಾಕಿರಲಿಲ್ಲ. ನಾನು ಬಾಗಿಲು ತಟ್ಟಿದಾಗ ಮೊದಲು ಅದನ್ನೇ ಕೇಳುತ್ತಿದ್ದೆ. ಪಕ್ಷದ ಮಾತು ಆಮೇಲೆ ತಾನಾಗಿ ಬರುತ್ತಿತ್ತು. ಹಾಗೆಯೇ ಜಡ್ಜ್ ಸ್ಥಾನಕ್ಕೆ ನಿಂತವರು ಕೈಯಲ್ಲಿ ಕಾರ್ಡ್ ಹಿಡಿದು ಒಂಟಿಯಾಗಿ ಓಡಾಡುತ್ತಿರುತ್ತಾರೆ, ಅವರ ಹತ್ತಿರ ನಿಂತು ಮಾತಾಡಿ. 2020ರಿಂದ ಒಂದೇ ಗುರುತು ಹಾಕಿ ಇಡೀ ಪಕ್ಷಕ್ಕೆ ವೋಟ್ ಮಾಡುವ ಪದ್ಧತಿ ಇಲ್ಲಿ ಹೋಗಿದೆ. ಪಟ್ಟಿಯ ಕೆಳಗಿನ ಹೆಸರುಗಳನ್ನು ಒಂದೊಂದಾಗಿ ಹುಡುಕಿ ಗುರುತು ಮಾಡಬೇಕು. ಅವರಿಗೆ ಒಬ್ಬೊಬ್ಬ ಮತದಾರನೂ ಬೇಕು.

ಪಿಕ್ನಿಕ್‌ನಲ್ಲಿ ಟೋಪಿ, ಟೀ ಶರ್ಟ್ ಕೊಟ್ಟರೆ ಇಟ್ಟುಕೊಳ್ಳಿ, ಆದರೆ ಅದನ್ನು ಹಾಕಿಕೊಂಡು ವೋಟ್ ಹಾಕಲು ಹೋಗಬೇಡಿ. ಮತಗಟ್ಟೆಯಿಂದ 100 ಅಡಿ ಒಳಗೆ ಅಭ್ಯರ್ಥಿಯ, ಪಕ್ಷದ ಪ್ರಚಾರದ ಬಟ್ಟೆ ಹಾಕುವ ಹಾಗಿಲ್ಲ.

ಮನೆಯವರ ವಿಷಯ. ನಿಮ್ಮ ಹೆಂಡತಿ ಗ್ರೀನ್ ಕಾರ್ಡ್‌ನಲ್ಲಿ, ತಮ್ಮ ಎಚ್-1ಬಿಯಲ್ಲಿ ಇದ್ದಾರೆ ಅಂದಿದ್ದೀರಿ. ಇಬ್ಬರೂ ಬರಬಹುದು, ಸಂಬಳ ಇಲ್ಲದೆ ಕೆಲಸಕ್ಕೂ ನಿಲ್ಲಬಹುದು. ಹೆಂಡತಿ ದೇಣಿಗೆಯನ್ನೂ ಕೊಡಬಹುದು. ನಿಮ್ಮ ತಮ್ಮ ಒಂದು ಡಾಲರ್ ಕೂಡ ಕೊಡಕೂಡದು. ಪಕ್ಷಕ್ಕೆ ಹಣ ಹೋಗುವ ಟಿಕೆಟ್ ಕೊಳ್ಳುವುದು, ಸೈಲೆಂಟ್ ಆಕ್ಷನ್ ಅನ್ನುವ ಚೀಟಿ ಹರಾಜಿನಲ್ಲಿ ಬೆಲೆ ಬರೆದು ವಸ್ತು ಕೊಳ್ಳುವುದು, ಇವೂ ದೇಣಿಗೆಯ ಲೆಕ್ಕವೇ. ಫೆಡರಲ್ ಕಾನೂನು ಇದರಲ್ಲಿ ಬಹಳ ಗಟ್ಟಿ. ಮತ್ತೆ ಗಡಿಬಿಡಿಯಲ್ಲಿ ಯಾರಾದರೂ ವೋಟರ್ ನೋಂದಣಿ ಫಾರಂ ಕೊಟ್ಟರೆ ಇಬ್ಬರೂ ಅದನ್ನು ಮುಟ್ಟಬಾರದು. ಸಿಟಿಜನ್ ಅಲ್ಲದವರು ವೋಟ್ ಹಾಕಿದರೆ ದೇಶ ಬಿಡಬೇಕಾಗಿ ಬರಬಹುದು.

ಕೊನೆಯದಾಗಿ, ಟೇಬಲ್ ಹತ್ತಿರ ನಂಬರ್ ಬರೆಸುವಾಗಲೇ ನಿಮ್ಮ ಪ್ರಿಸಿಂಕ್ಟ್‌ಗೆ ಚೇರ್ ಇದ್ದಾರಾ ಅಂತ ಕೇಳಿ. ಇದ್ದರೆ ಅವರನ್ನು ಹುಡುಕಿ, ಮುಂದಿನ ಶನಿವಾರ ಅವರ ಜೊತೆ ಬೀದಿ ಸುತ್ತಲು ಬರುತ್ತೇನೆ ಅನ್ನಿ. ಇಲ್ಲದಿದ್ದರೆ ನೀವೇ ಅರ್ಜಿ ಹಾಕಿ. ಪ್ರೈಮರಿಗೆ ಹಿಂದಿನ ವರ್ಷ ಸೆಪ್ಟೆಂಬರ್‌ನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಡಿಸೆಂಬರ್‌ನ ಎರಡನೇ ಸೋಮವಾರ ಸಂಜೆ 6ಕ್ಕೆ ಗಡುವು ಮುಗಿಯುತ್ತದೆ. ಕೊನೇ ದಿನದವರೆಗೆ ಕಾಯಬೇಡಿ, ತಪ್ಪಿದ್ದರೆ ತಿದ್ದಿ ಕೊಡಲು ಸಮಯ ಇರಲಿ.