ಗಾಜಿನ ಸ್ಪಂಜಿನ ಮಾದರಿ: ಬಣ್ಣದ ನೀರು ಮೇಲಿನಿಂದ ಬರುತ್ತಿಲ್ಲ

ಕೋಲಾರದ ವಿಜ್ಞಾನ ಪ್ರದರ್ಶನಕ್ಕೆ ತೂತು ಮಾಡಿದ ಬಾಟಲಿಯಿಂದ ನೀವು ಮಾಡಿದ ಗಾಜಿನ ಸ್ಪಂಜಿನ (ಗಾಜಿನಂಥ ಅಸ್ಥಿಪಂಜರದ ಸಮುದ್ರಜೀವಿ) ಮಾದರಿಯಲ್ಲಿ ಬಣ್ಣದ ನೀರು ಪಕ್ಕದ ತೂತುಗಳಿಂದಲೇ ಹೊರಗೆ ಬರುತ್ತಿದೆ ಅಂದಿರಿ. ಬಹುಶಃ ನಿಮ್ಮ ಪಂಪು ಬಾಟಲಿಯೊಳಕ್ಕೆ ನೀರು ತಳ್ಳುತ್ತಿದೆ. ಸ್ಪಂಜಿನಲ್ಲಿ ಆಗುವುದು ಇದರ ಉಲ್ಟಾ. ಪಕ್ಕದ ಸಣ್ಣ ರಂಧ್ರಗಳಿಂದ ನೀರು ಒಳಗೆ ಬಂದು, ನಡುವಿನ ಪೊಳ್ಳು ಸೇರಿ, ಮೇಲಿನ ದೊಡ್ಡ ಬಾಯಿಂದ ಹೊರಗೆ ಹೋಗುತ್ತದೆ.

ಪಂಪು ತೆಗೆದುಬಿಡಿ, ಸೈಫನ್ ಸಾಕು. ಬಾಟಲಿಯ ಬಾಯಿಗೆ ಪೈಪು ಸಿಕ್ಕಿಸಿ, ಸುತ್ತಲೂ ಎಂ-ಸೀಲ್ ಹಾಕಿ ಗಟ್ಟಿಯಾಗಲು ಬಿಡಿ. ಆಮೇಲೆ ಮೇಜಿನ ಮೇಲಿನ ಟಬ್ಬಿನಲ್ಲಿ ಬಾಟಲಿಯನ್ನು ಪೂರ್ತಿ ಮುಳುಗಿಸಿ. ಪೈಪಿನಲ್ಲಿ ಗಾಳಿ ಉಳಿಯದಂತೆ ನೀರು ತುಂಬಿ, ತುದಿಯನ್ನು ಬೆರಳಿಂದ ಒತ್ತಿ ಹಿಡಿದು ಕೆಳಗಿನ ಬಕೆಟ್ಟಿಗೆ ಇಳಿಸಿ, ಬೆರಳು ತೆಗೆಯಿರಿ. ಈಗ ತೂತುಗಳ ಹತ್ತಿರ ಡ್ರಾಪರಿನಿಂದ ಬಣ್ಣ ಬಿಡಿ. ಒಳಗೆ ಎಳೆಯದಿದ್ದರೆ ತೂತುಗಳು ಜಾಸ್ತಿ ಇರಬಹುದು, ಕೆಲವಕ್ಕೆ ಟೇಪು ಹಚ್ಚಿ ನೋಡಿ.

ಸೈಫನ್ ಮಾಡುವ ಕೆಲಸವನ್ನು ಸ್ಪಂಜಿನಲ್ಲಿ ಒಳಗಿನ ಪುಟ್ಟ ಕೋಣೆಗಳ ಕಶಾಂಗಗಳು (ಚಾಟಿಯಂಥ ಸೂಕ್ಷ್ಮ ಎಳೆಗಳು) ಬಡಿದು ಮಾಡುತ್ತವೆ ಎಂದು ತೀರ್ಪುಗಾರರಿಗೆ ಹೇಳಿ. ಇನ್ನೊಂದು ಸೊಗಸಾದ ವಿಷಯವನ್ನು ಬಿಡಬೇಡಿ. ಗಾಜಿನ ಸ್ಪಂಜಿಗೆ ನರಗಳಿಲ್ಲ, ಆದರೆ ಅದರ ಮೈ ಬಹುಪಾಲು ಒಂದೇ ಬೆಸೆದ ಅಂಗಾಂಶ. ಮುಟ್ಟಿದರೆ ವಿದ್ಯುತ್ ಸಂಕೇತ ಅದರುದ್ದಕ್ಕೂ ಹರಡಿ ಕಶಾಂಗಗಳು ನಿಂತುಬಿಡುತ್ತವೆ. ಒಂದು ಜಾತಿಯಲ್ಲಿ ಅಳೆದ ವೇಗ ಸೆಕೆಂಡಿಗೆ ಸುಮಾರು 0.27 ಸೆಂ.ಮೀ. ಪೈಪನ್ನು ಚಿವುಟಿ ಹಿಡಿದರೆ ನೀರು ನಿಲ್ಲುವುದನ್ನೂ ತೋರಿಸಬಹುದು.