ಫೆರೋಮೋನ್ ಪರ್ಫ್ಯೂಮ್ ಹಚ್ಚಿದರೆ ಹುಡುಗಿ ತಿರುಗಿ ನೋಡ್ತಾಳಾ?

‘ಫೆರೋಮೋನ್ ಇದೆ ಅಂತ 2,000 ರೂಪಾಯಿಗೆ ಪರ್ಫ್ಯೂಮ್ ಮಾರ್ತಿದ್ದಾರೆ, ತಗೊಳ್ಳಲಾ?’ ಎಂದು ಕೇಳಿದ್ದೀರಿ. ಬೇಡ, ದುಡ್ಡು ಉಳಿಸಿ.

ಫೆರೋಮೋನ್ ಅಂದರೆ ಒಂದು ಪ್ರಾಣಿ ಹೊರಗೆ ಬಿಟ್ಟು ಅದೇ ಜಾತಿಯ ಇನ್ನೊಂದಕ್ಕೆ ಸೂಚನೆ ಕೊಡುವ ರಾಸಾಯನಿಕ. ಅದು ಸುಳ್ಳಲ್ಲ. ರೇಷ್ಮೆ ಮೊಟ್ಟೆ ತಯಾರಿಸುವ ಕಡೆ ಹೋಗಿ ನೋಡಿ. ಗೂಡಿನಿಂದ ಬಂದ ಹೆಣ್ಣು ಪತಂಗ ಕೂತಲ್ಲೇ ಕೂತಿರುತ್ತದೆ, ಹೊಟ್ಟೆಯ ತುದಿಯ ಗ್ರಂಥಿ ಸ್ವಲ್ಪ ಹೊರಗೆ ಚಾಚಿರುತ್ತದೆ, ಅಷ್ಟೇ. ಗಂಡಿಗೆ ಹಾರಲು ಬರಲ್ಲ, ಆದರೂ ರೆಕ್ಕೆ ಪಟಪಟ ಬಡಿಯುತ್ತಾ ಗಿರಗಿರ ಸುತ್ತಿ ಅವಳನ್ನೇ ಹುಡುಕಿಕೊಂಡು ಬರುತ್ತದೆ. ಆ ವಾಸನೆಯ ವಸ್ತುವೇ ಬಾಂಬಿಕಾಲ್. ಜರ್ಮನಿಯ ರಸಾಯನ ವಿಜ್ಞಾನಿ ಬ್ಯುಟೆನಾಂಟ್ 1959ರಲ್ಲಿ ಅದನ್ನು ಗುರುತಿಸಿದರು. ಅದಕ್ಕೆ ಸುಮಾರು 5 ಲಕ್ಷ ಪತಂಗಗಳು ಬೇಕಾದವು, ಪಾಪ.

ಮನುಷ್ಯರಲ್ಲಿ ಇಂಥದ್ದೊಂದು ಇದೆ ಅಂತ ಇದುವರೆಗೆ ಯಾರೂ ಗಟ್ಟಿಯಾಗಿ ತೋರಿಸಿಲ್ಲ. ಎಷ್ಟೋ ಪ್ರಾಣಿಗಳ ಮೂಗಿನಲ್ಲಿ ಇದಕ್ಕೆಂದೇ ಒಂದು ಅಂಗ ಇರುತ್ತದೆ. ದೊಡ್ಡವರಾದ ನಮ್ಮಲ್ಲಿ ಅದರ ಗುರುತು ಮಾತ್ರ ಉಳಿದಿದೆ, ಮಿದುಳಿಗೆ ನರದ ಸಂಪರ್ಕ ಕಾಣಲ್ಲ. ಇಂಥ ಕೆಲವು ಬಾಟಲಿಗಳಲ್ಲಿ ಇರುವ ಆಂಡ್ರೋಸ್ಟೆನೋನ್ ನಿಜಕ್ಕೂ ಗಂಡು ಹಂದಿಯ ಜೊಲ್ಲಿನಲ್ಲಿರುವ ವಸ್ತು. ಬೆದೆಗೆ ಬಂದ ಹೆಣ್ಣು ಹಂದಿ ಅದಕ್ಕೆ ಅಲುಗಾಡದೆ ನಿಲ್ಲುತ್ತದೆ. ಮನುಷ್ಯರಲ್ಲಿ ಕೆಲವರಿಗೆ ಅದರ ವಾಸನೆಯೇ ಗೊತ್ತಾಗಲ್ಲ, ಕೆಲವರಿಗೆ ಉಚ್ಚೆ ವಾಸನೆ ಬರುತ್ತದೆ! ನೀವು ಮೆಚ್ಚಿಸಬೇಕಾದವರು ಎರಡನೇ ಗುಂಪಿನವರಾದರೆ ಕಷ್ಟ, ಅಲ್ವಾ?

ಫೆರೋಮೋನ್, ಹಾರ್ಮೋನ್ ಎರಡೂ ಒಂದೇ ಅಂದ್ಕೋಬೇಡಿ, ಹಾರ್ಮೋನ್ ಕಥೆ ಬೇರೆ. ಅದು ಒಳಗೆ, ರಕ್ತದಲ್ಲಿ ಓಡಾಡುತ್ತದೆ. ಪಕ್ಕದ ಕೋಣೆಯಲ್ಲಿ ಮಗು ಅತ್ತರೆ ಸಾಕು, ಬಾಣಂತಿಗೆ ಹಾಲು ಸೋರುವುದುಂಟು. ಅದು ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಕೆಲಸ. ಅದನ್ನು ಅಂಗಿಗೆ ಸಿಂಪಡಿಸಿಕೊಳ್ಳಲು ಆಗಲ್ಲ.

ಸುಮ್ನೆ ನಿಮಗೆ ಇಷ್ಟವಾದ ಮಾಮೂಲಿ ಸೆಂಟ್ ತಗೊಳ್ಳಿ. ಜಾಸ್ತಿ ಹಾಕ್ಕೋಬೇಡಿ.